ದ್ರವ ಕ್ರೊಮಟೋಗ್ರಫಿಯಲ್ಲಿ ಮಾದರಿ ಇಂಜೆಕ್ಷನ್

ದ್ರವ ಕ್ರೊಮಟೋಗ್ರಫಿಯಲ್ಲಿ ಮಾದರಿ ಇಂಜೆಕ್ಷನ್ ಎಂದರೆ ವಿಶ್ಲೇಷಣೆಗೆ ಒಳಪಡಿಸಬೇಕಾದ ದ್ರಾವಣದ ಅತ್ಯಲ್ಪ ಪ್ರಮಾಣವನ್ನು, ಅಧಿಕ ಒತ್ತಡದಲ್ಲಿ ಹರಿಯುತ್ತಿರುವ ದ್ರಾವಕದ ಪ್ರವಾಹಕ್ಕೆ ಸೇರಿಸಿ ಕಾಲಂನ ಮುಖಕ್ಕೆ ತಲುಪಿಸುವ ಕ್ರಿಯೆ. ಈ ಪ್ರಮಾಣವು ಸಾಮಾನ್ಯವಾಗಿ 1ರಿಂದ 100 ಮೈಕ್ರೊಲೀಟರ್‌ಗಳಷ್ಟಿರುತ್ತದೆ. ಒಂದು ಮಿಲಿಲೀಟರ್‌ನ ಸಾವಿರದಲ್ಲೊಂದು ಭಾಗವೇ ಒಂದು ಮೈಕ್ರೊಲೀಟರ್. ಹೊಸ ವಿಶ್ಲೇಷಣಾ ವಿಧಾನವನ್ನು ರೂಪಿಸುವಾಗ ಇಂಜೆಕ್ಷನ್‌ನ ಗಾತ್ರ, ಮಾದರಿಯನ್ನು ಕರಗಿಸಿದ ದ್ರಾವಕ, ಮಾದರಿಯ ಸಾರತೆ ಹಾಗೂ ಸೂಜಿಯ ಶುಚಿತ್ವ ಇವುಗಳನ್ನು ಪರೀಕ್ಷಿಸಿ ಸೂಕ್ತ ಮಟ್ಟಕ್ಕೆ ತರುವುದನ್ನು ಇಂಜೆಕ್ಷನ್‌ನ ಅನುಕೂಲೀಕರಣ ಎನ್ನಲಾಗುತ್ತದೆ.

ಕಾಲಂ ಎಷ್ಟೇ ಉತ್ತಮವಾಗಿದ್ದರೂ, ಅದರ ಮುಖಕ್ಕೆ ಮಾದರಿಯು ಅಗಲವಾಗಿ ಹರಡಿಕೊಂಡು ಬಂದರೆ ಬೇರ್ಪಡಿಕೆ ಕೆಡುತ್ತದೆ. ಕಾಲಂ ಪ್ರವೇಶಿಸುವ ಮೊದಲೇ ಉಂಟಾದ ಹರಡಿಕೆಯನ್ನು ಮುಂದಿನ ಯಾವ ಹಂತವೂ ಸಾಮಾನ್ಯವಾಗಿ ಸರಿಪಡಿಸಲಾರದು. ಈ ಕಾರಣದಿಂದ ಇಂಜೆಕ್ಷನ್ ಕೆಲವೇ ಸೆಕೆಂಡುಗಳ ಕ್ರಿಯೆಯಾದರೂ ಔಷಧ, ಆಹಾರ ಮತ್ತು ಪರಿಸರ ಪರೀಕ್ಷೆಗಳಲ್ಲಿ ಅಂತಿಮ ಅಂಕಿಯ ವಿಶ್ವಾಸಾರ್ಹತೆಯನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ.

ಹಿನ್ನೆಲೆ

ಕ್ರೊಮಟೋಗ್ರಫಿಯನ್ನು ಕನ್ನಡದಲ್ಲಿ ವರ್ಣಲೇಖನ ಅಥವಾ ವರ್ಣರೇಖನ ಎಂದೂ ಕರೆಯುವುದುಂಟು. ರಷ್ಯಾದ ಸಸ್ಯವಿಜ್ಞಾನಿ ಮಿಖಾಯಿಲ್ ತ್ಸ್ವೆಟ್ ಅವರು 20ನೆಯ ಶತಮಾನದ ಮೊದಲ ದಶಕದಲ್ಲಿ ಎಲೆಗಳ ವರ್ಣದ್ರವ್ಯಗಳನ್ನು ಸುಣ್ಣದ ಪುಡಿ ತುಂಬಿದ ಗಾಜಿನ ಕೊಳವೆಯ ಮೂಲಕ ಹರಿಸಿ ಬಣ್ಣದ ಪಟ್ಟೆಗಳಾಗಿ ಬೇರ್ಪಡಿಸಿದರು. ವಿಧಾನಕ್ಕೆ ಈ ಹೆಸರು ಬಂದುದು ಆ ಪಟ್ಟೆಗಳಿಂದ. ಆ ಕಾಲದಲ್ಲಿ ಮಾದರಿಯನ್ನು ಕೊಳವೆಯ ಮೇಲ್ತುದಿಯಲ್ಲಿ ಕೈಯಿಂದಲೇ ಸುರಿಯಲಾಗುತ್ತಿತ್ತು. ಆರ್ಚರ್ ಮಾರ್ಟಿನ್ ಮತ್ತು ರಿಚರ್ಡ್ ಸಿಂಜ್ ಅವರು 1941ರಲ್ಲಿ ವಿಭಜನ ಕ್ರೊಮಟೋಗ್ರಫಿಯನ್ನು ವಿವರಿಸಿದರು. ಅದಕ್ಕಾಗಿ 1952ರ ನೊಬೆಲ್ ಪ್ರಶಸ್ತಿ ಪಡೆದರು.

1960ರ ದಶಕದಲ್ಲಿ ಅಧಿಕ ಒತ್ತಡದ ಪಂಪುಗಳೂ ಅತಿ ಸಣ್ಣ ಕಣಗಳಿಂದ ತುಂಬಿದ ಕಾಲಂಗಳೂ ಬಳಕೆಗೆ ಬಂದಾಗ ಎಚ್‌ಪಿಎಲ್‌ಸಿ ರೂಪುಗೊಂಡಿತು. ಆಗ ಮಾದರಿಯನ್ನು ಸುರಿಯುವ ಹಳೆಯ ಕ್ರಮ ಸಾಧ್ಯವಾಗಲಿಲ್ಲ. ಮೊದಲಿಗೆ ರಬ್ಬರ್ ತಡೆಯೊಂದರ ಮೂಲಕ ಸಿರಿಂಜಿನಿಂದ ಚುಚ್ಚುವ ಕ್ರಮವಿತ್ತು. ಒತ್ತಡ ಹೆಚ್ಚಿದಂತೆ ರಬ್ಬರ್ ಸೋರುತ್ತಿತ್ತು. ಅದರ ಚೂರುಗಳು ಕಾಲಂ ಸೇರುತ್ತಿದ್ದವು. ಆರು ದ್ವಾರಗಳ ಕವಾಟ ಬಂದ ನಂತರ ಈ ತೊಂದರೆ ನಿವಾರಣೆಯಾಯಿತು. ಇಂದಿನ ಸ್ವಯಂಚಾಲಿತ ಉಪಕರಣಗಳ ಒಳಗೂ ಇದೇ ತತ್ತ್ವವು ಕೆಲಸ ಮಾಡುತ್ತದೆ.

ಕವಾಟ ಮತ್ತು ಲೂಪ್

ಆರು ದ್ವಾರಗಳ ಕವಾಟಕ್ಕೆ ಎರಡು ಸ್ಥಾನಗಳಿವೆ. 'ಲೋಡ್' ಸ್ಥಾನದಲ್ಲಿ ಪಂಪಿನಿಂದ ಬಂದ ದ್ರಾವಕವು ನೇರವಾಗಿ ಕಾಲಂಗೆ ಹೋಗುತ್ತದೆ. ಅದೇ ವೇಳೆ ಸಿರಿಂಜಿನಿಂದ ತಳ್ಳಿದ ಮಾದರಿಯು ಲೂಪ್ ಎಂಬ ಸಣ್ಣ ಕೊಳವೆಯನ್ನು ತುಂಬಿ, ಹೆಚ್ಚಾದದ್ದು ಹೊರಗೆ ಹರಿದುಹೋಗುತ್ತದೆ. ಹಿಡಿಕೆಯನ್ನು 'ಇಂಜೆಕ್ಟ್' ಸ್ಥಾನಕ್ಕೆ ತಿರುಗಿಸಿದಾಗ ಪಂಪಿನ ಪ್ರವಾಹವು ಲೂಪ್‌ನ ಮೂಲಕ ಹಾಯ್ದು ಅದರಲ್ಲಿದ್ದ ಮಾದರಿಯನ್ನು ಕಾಲಂಗೆ ಒಯ್ಯುತ್ತದೆ.

ಲೂಪನ್ನು ಎರಡು ರೀತಿಯಲ್ಲಿ ಬಳಸಬಹುದು. ಪೂರ್ಣ ಲೂಪ್ ಕ್ರಮದಲ್ಲಿ ಲೂಪ್‌ನ ಗಾತ್ರಕ್ಕಿಂತ ಹಲವು ಪಟ್ಟು ಹೆಚ್ಚು ಮಾದರಿಯನ್ನು ತಳ್ಳಬೇಕು. 20 ಮೈಕ್ರೊಲೀಟರ್ ಲೂಪ್‌ಗೆ 20 ಮೈಕ್ರೊಲೀಟರ್ ಮಾದರಿಯನ್ನೇ ತಳ್ಳಿದರೆ ಲೂಪ್ ಪೂರ್ತಿ ತುಂಬುವುದಿಲ್ಲ. ಕೊಳವೆಯ ನಡುವಿನಲ್ಲಿ ದ್ರವವು ವೇಗವಾಗಿಯೂ ಗೋಡೆಯ ಬಳಿ ನಿಧಾನವಾಗಿಯೂ ಹರಿಯುವುದರಿಂದ, ಮಾದರಿಯ ಒಂದು ಭಾಗವು ಗೋಡೆಯ ಬಳಿಯ ಹಳೆಯ ದ್ರಾವಕವನ್ನು ಹೊರದೂಡುವ ಮೊದಲೇ ಹೊರಬಿದ್ದಿರುತ್ತದೆ. ಆದ್ದರಿಂದ 60ರಿಂದ 100 ಮೈಕ್ರೊಲೀಟರ್ ತಳ್ಳುವುದು ರೂಢಿ. ಭಾಗಶಃ ಲೂಪ್ ಕ್ರಮದಲ್ಲಿ ಇದೇ ಕಾರಣಕ್ಕಾಗಿ ಲೂಪ್‌ನ ಅರ್ಧಕ್ಕಿಂತ ಹೆಚ್ಚು ತುಂಬಬಾರದು. ಪೂರ್ಣ ಲೂಪ್ ಕ್ರಮವು ನಿಖರ. ಆದರೆ ಮಾದರಿ ಹೆಚ್ಚು ಬೇಕಾಗುತ್ತದೆ. ಭಾಗಶಃ ಕ್ರಮದಲ್ಲಿ ಮಾದರಿ ಉಳಿಯುತ್ತದೆ; ನಿಖರತೆಯು ಸಿರಿಂಜನ್ನು ಅವಲಂಬಿಸಿರುತ್ತದೆ.

ಆಟೋಸ್ಯಾಂಪ್ಲರ್ ಎಂಬ ಸ್ವಯಂಚಾಲಿತ ಉಪಕರಣದಲ್ಲಿ ಸಾಲಾಗಿ ಜೋಡಿಸಿದ ಸಣ್ಣ ಬಾಟಲಿಗಳಿಂದ ಸೂಜಿಯು ಮಾದರಿಯನ್ನು ಹೀರುತ್ತದೆ. ಹಲವು ವಿನ್ಯಾಸಗಳಲ್ಲಿ ಸೂಜಿಯೇ ಪ್ರವಾಹಪಥದ ಅಂಗವಾಗಿರುವುದರಿಂದ ಹೀರಿದ ಮಾದರಿಯೆಲ್ಲವೂ ಕಾಲಂ ತಲುಪುತ್ತದೆ. ಮುಂದೆ ಹರಿಯುವ ದ್ರಾವಕವು ಸೂಜಿಯ ಒಳಭಾಗವನ್ನು ತೊಳೆಯುತ್ತಿರುತ್ತದೆ.

ಒಂದು ಉದಾಹರಣೆ: ಪುನರ್ಪುಳಿಯ ಆಮ್ಲ

ಇಂಜೆಕ್ಷನ್‌ನ ಸಮಸ್ಯೆಗಳನ್ನು ತಿಳಿಯಲು ದಕ್ಷಿಣ ಕನ್ನಡದ ಪರಿಚಿತ ಹಣ್ಣಾದ ಪುನರ್ಪುಳಿ ಒಳ್ಳೆಯ ಉದಾಹರಣೆಯಾಗಿದೆ. ಮಲೆನಾಡಿನಲ್ಲಿ ಮುರುಗಲು ಎಂದು ಕರೆಯಲಾಗುವ ಈ ಮರದ ವೈಜ್ಞಾನಿಕ ಹೆಸರು ಗಾರ್ಸಿನಿಯಾ ಇಂಡಿಕಾ. ಮೂಡುಬಿದಿರೆ ಬಳಿಯ ಪುತ್ತಿಗೆಯಿಂದ ಬಂಟ್ವಾಳ, ಬೆಳ್ತಂಗಡಿಗಳವರೆಗಿನ ಸೀಮೆಯಲ್ಲಿ ಇದರ ಒಣಗಿಸಿದ ಸಿಪ್ಪೆಯಿಂದ ಸಾರು ಮತ್ತು ಶರಬತ್ತು ಮಾಡುವುದು ಮನೆಮನೆಯ ರೂಢಿ. ಇದೇ ಕುಲದ ಇನ್ನೊಂದು ಮರ ಉಪ್ಪಾಗೆ. ಕೊಡಗಿನ ಕಾಚಂಪುಳಿ ತಯಾರಾಗುವುದು ಅದರ ಹಣ್ಣಿನಿಂದ.

ಈ ಹಣ್ಣುಗಳ ಹುಳಿಗೆ ಕಾರಣವಾದ ಮುಖ್ಯ ವಸ್ತು ಹೈಡ್ರಾಕ್ಸಿಸಿಟ್ರಿಕ್ ಆಮ್ಲ. ಉಪ್ಪಾಗೆಯ ಆಮ್ಲವನ್ನು ಹಿಂದೆ ಸಿಟ್ರಿಕ್ ಆಮ್ಲ ಅಥವಾ ಟಾರ್ಟಾರಿಕ್ ಆಮ್ಲವೆಂದು ಭಾವಿಸಲಾಗಿತ್ತು. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ವೈ. ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್ ಅವರು 1965ರಲ್ಲಿ ಅದು ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು ತೋರಿಸಿದರು. ಅದೇ ಸಂಸ್ಥೆಯ ಜಿ. ಕೆ. ಜಯಪ್ರಕಾಶ ಮತ್ತು ಕೆ. ಕೆ. ಸಕರಿಯ ಅವರು 1998ರಲ್ಲಿ ಉಪ್ಪಾಗೆಯ ಆಮ್ಲಗಳನ್ನೂ 2002ರಲ್ಲಿ ಪುನರ್ಪುಳಿಯ ಎಲೆ ಮತ್ತು ಸಿಪ್ಪೆಗಳ ಆಮ್ಲಗಳನ್ನೂ ದ್ರವ ಕ್ರೊಮಟೋಗ್ರಫಿಯಿಂದ ಅಳೆಯುವ ವಿಧಾನಗಳನ್ನು ಪ್ರಕಟಿಸಿದರು. ಎರಡನೆಯ ಅಧ್ಯಯನದಲ್ಲಿ ಪುನರ್ಪುಳಿಯ ಎಲೆಯಲ್ಲಿ 4.1ರಿಂದ 4.6 ಶೇಕಡಾ, ಸಿಪ್ಪೆಯಲ್ಲಿ 10.3ರಿಂದ 12.7 ಶೇಕಡಾ ಹೈಡ್ರಾಕ್ಸಿಸಿಟ್ರಿಕ್ ಆಮ್ಲವಿರುವುದು ಕಂಡುಬಂತು. ಅದರ ಲ್ಯಾಕ್ಟೋನ್ ರೂಪ ಹಾಗೂ ಸಿಟ್ರಿಕ್ ಆಮ್ಲಗಳು ಅಲ್ಪ ಪ್ರಮಾಣದಲ್ಲಿದ್ದವು.

ಗಾರ್ಸಿನಿಯಾ ಸಾರವು ತೂಕ ಇಳಿಸುವ ಪೂರಕ ಆಹಾರವೆಂದು ಜಗತ್ತಿನ ಹಲವೆಡೆ ಮಾರಾಟವಾಗುತ್ತದೆ. ಅದರ ಲೇಬಲ್ಲಿನ ಮೇಲೆ ಈ ಆಮ್ಲದ ಶೇಕಡಾವಾರು ಪ್ರಮಾಣವನ್ನು ನಮೂದಿಸಿರುತ್ತಾರೆ. ಇಂತಹ ಪೂರಕಗಳನ್ನು ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದ ವರದಿಗಳೂ ವೈದ್ಯಕೀಯ ಸಾಹಿತ್ಯದಲ್ಲಿವೆ. ಹೀಗಾಗಿ ಈ ಅಂಕಿಯ ಮೇಲೆ ಸಿಪ್ಪೆಗೆ ಸಿಗುವ ಬೆಲೆ ಮಾತ್ರವಲ್ಲದೆ ಸೇವಿಸುವವರು ಎಷ್ಟು ಪ್ರಮಾಣ ನುಂಗುತ್ತಿದ್ದಾರೆಂಬ ತಿಳಿವಳಿಕೆಯೂ ನಿಂತಿದೆ.

ವಿಶ್ಲೇಷಣೆಯ ದೃಷ್ಟಿಯಿಂದ ಈ ಆಮ್ಲವು ಸುಲಭದ ವಸ್ತುವಲ್ಲ. ಇದು ನೀರಿನಲ್ಲಿ ಬಹಳವಾಗಿ ಕರಗುವ, ಹೆಚ್ಚು ಧ್ರುವೀಯವಾದ ವಸ್ತು. ಸಾಮಾನ್ಯ ಬಳಕೆಯ ಸಿ-18 ಕಾಲಂನ ಒಳಭಾಗವು ಎಣ್ಣೆಯ ಗುಣವುಳ್ಳದ್ದಾದ್ದರಿಂದ ಅದು ಈ ಆಮ್ಲವನ್ನು ಹೆಚ್ಚು ಹೊತ್ತು ಹಿಡಿದಿಡುವುದಿಲ್ಲ. ಆಮ್ಲೀಯಗೊಳಿಸಿದ ನೀರನ್ನೇ ಚಲ ಪ್ರಾವಸ್ಥೆಯಾಗಿ ಹರಿಸಿದರೂ ಆಮ್ಲಗಳ ಶಿಖರಗಳು ಕ್ರೊಮಟೋಗ್ರಾಂನ ಆರಂಭದಲ್ಲಿ ಒಂದರ ಪಕ್ಕದಲ್ಲೊಂದು ಬರುತ್ತವೆ. ಬೇಗ ಹೊರಬರುವ ಶಿಖರಗಳು ಅತಿ ಕಿರಿದಾಗಿರುತ್ತವೆ. ಇಂಜೆಕ್ಷನ್‌ನ ದೋಷಗಳಿಗೆ ಮೊದಲು ಬಲಿಯಾಗುವುದು ಅವುಗಳೇ.

ಇಂಜೆಕ್ಷನ್‌ನ ಗಾತ್ರ

ಎಷ್ಟು ಮೈಕ್ರೊಲೀಟರ್ ಹಾಕಬಹುದು ಎಂಬುದನ್ನು ಕಾಲಂನ ಗಾತ್ರವು ನಿರ್ಧರಿಸುತ್ತದೆ. 150 ಮಿಲಿಮೀಟರ್ ಉದ್ದ, 4.6 ಮಿಲಿಮೀಟರ್ ಒಳವ್ಯಾಸವಿರುವ ಖಾಲಿ ಕೊಳವೆಯ ಗಾತ್ರ ಸುಮಾರು 2.5 ಮಿಲಿಲೀಟರ್. ಅದರಲ್ಲಿ ಕಣಗಳನ್ನು ತುಂಬಿದ ಮೇಲೆ ದ್ರವಕ್ಕೆ ಉಳಿಯುವ ಅವಕಾಶ ಸುಮಾರು 1.5 ಮಿಲಿಲೀಟರ್. ಇಂತಹ ಕಾಲಂಗೆ 10ರಿಂದ 20 ಮೈಕ್ರೊಲೀಟರ್, ಅಂದರೆ ದ್ರವಾವಕಾಶದ ಸುಮಾರು 1 ಶೇಕಡಾ, ಸುರಕ್ಷಿತ ಆರಂಭವೆನಿಸುತ್ತದೆ.

ಇದಕ್ಕೆ ಸರಳ ಲೆಕ್ಕವೊಂದಿದೆ. ಕಾಲಂನಿಂದ ಉಂಟಾಗುವ ಹರಡಿಕೆಯನ್ನು ಮಾನಕ ವಿಚಲನೆಯ ವರ್ಗದಿಂದ ಅಳೆಯಲಾಗುತ್ತದೆ. ಬೇರೆ ಬೇರೆ ಮೂಲಗಳ ಹರಡಿಕೆಗಳನ್ನು ಈ ವರ್ಗದ ರೂಪದಲ್ಲಿ ಕೂಡಿಸಬಹುದು. ಮಾದರಿಯು ಒಂದು ತುಂಡಿನಂತೆ ಕಾಲಂ ಪ್ರವೇಶಿಸಿತೆಂದು ಭಾವಿಸಿದರೆ ಇಂಜೆಕ್ಷನ್‌ನ ಪಾಲು, ಅದರ ಗಾತ್ರದ ವರ್ಗವನ್ನು 12ರಿಂದ ಭಾಗಿಸಿದಷ್ಟು. ಮೇಲಿನ ಕಾಲಂನಲ್ಲಿ 2.5 ಮಿಲಿಲೀಟರ್ ದ್ರಾವಕ ಹರಿದ ನಂತರ ಹೊರಬರುವ ಶಿಖರದ ಮಾನಕ ವಿಚಲನೆ 25 ಮೈಕ್ರೊಲೀಟರ್ ಇದೆಯೆಂದುಕೊಳ್ಳೋಣ. ಅದರ ವರ್ಗ 625. 20 ಮೈಕ್ರೊಲೀಟರ್ ಇಂಜೆಕ್ಷನ್ ಅದಕ್ಕೆ 33ನ್ನು ಸೇರಿಸುತ್ತದೆ. ಶಿಖರ ಅಗಲವಾಗುವುದು 3 ಶೇಕಡಾಕ್ಕಿಂತ ಕಡಿಮೆ. 50 ಮೈಕ್ರೊಲೀಟರ್ ಹಾಕಿದರೆ 208 ಸೇರಿ ಅಗಲವು ಸುಮಾರು 15 ಶೇಕಡಾ ಹೆಚ್ಚುತ್ತದೆ. 100 ಮೈಕ್ರೊಲೀಟರ್ ಹಾಕಿದರೆ 833 ಸೇರಿ ಶಿಖರದ ಅಗಲ ಒಂದೂವರೆ ಪಟ್ಟಾಗುತ್ತದೆ. ಅಷ್ಟರಲ್ಲಿ ಪಕ್ಕದ ಸಿಟ್ರಿಕ್ ಆಮ್ಲದ ಶಿಖರವು ಇದರೊಂದಿಗೆ ಬೆರೆತಿರಬಹುದು. ತಡವಾಗಿ ಹೊರಬರುವ ಶಿಖರಗಳು ಸ್ವತಃ ಅಗಲವಾಗಿರುವುದರಿಂದ ಅವುಗಳಲ್ಲಿ ಇದೇ ದೋಷವು ಕಣ್ಣಿಗೆ ಬೀಳುವುದಿಲ್ಲ.

ಚಿಕ್ಕ ಕಾಲಂಗೆ ಬದಲಾಯಿಸುವಾಗ ಇಂಜೆಕ್ಷನ್ ಗಾತ್ರವನ್ನೂ ಅದೇ ಪ್ರಮಾಣದಲ್ಲಿ ಇಳಿಸಬೇಕು. ಒಳವ್ಯಾಸಗಳ ಅನುಪಾತದ ವರ್ಗವನ್ನು ಉದ್ದಗಳ ಅನುಪಾತದಿಂದ ಗುಣಿಸಿದರೆ ಹೊಸ ಗಾತ್ರ ಸಿಗುತ್ತದೆ. 150 ಗುಣಿಲೆ 4.6 ಮಿಲಿಮೀಟರ್ ಕಾಲಂನಿಂದ 50 ಗುಣಿಲೆ 2.1 ಮಿಲಿಮೀಟರ್ ಕಾಲಂಗೆ ಹೋದಾಗ 20 ಮೈಕ್ರೊಲೀಟರ್ ಇದ್ದದ್ದು ಸುಮಾರು 1.4 ಮೈಕ್ರೊಲೀಟರ್ ಆಗುತ್ತದೆ. ಹಳೆಯ 20 ಮೈಕ್ರೊಲೀಟರನ್ನೇ ಉಳಿಸಿಕೊಂಡರೆ ಇಂಜೆಕ್ಷನ್ನೇ ಆರಂಭದ ಶಿಖರಕ್ಕಿಂತ ಅಗಲವಾಗುತ್ತದೆ.

ಇಂಜೆಕ್ಟರ್‌ನಿಂದ ಕಾಲಂವರೆಗಿನ ಕೊಳವೆಯನ್ನೂ ಈ ಲೆಕ್ಕದಲ್ಲಿ ಮರೆಯಬಾರದು. 50 ಸೆಂಟಿಮೀಟರ್ ಉದ್ದದ ಕೊಳವೆಯ ಒಳವ್ಯಾಸ 0.25 ಮಿಲಿಮೀಟರ್ ಇದ್ದರೆ ಅದರಲ್ಲಿ ಸುಮಾರು 25 ಮೈಕ್ರೊಲೀಟರ್ ದ್ರವ ಹಿಡಿಯುತ್ತದೆ, 0.12 ಮಿಲಿಮೀಟರ್ ಇದ್ದರೆ 6 ಮೈಕ್ರೊಲೀಟರ್‌ಗಿಂತ ಕಡಿಮೆ. ಚಿಕ್ಕ ಕಾಲಂಗೆ ಸಣ್ಣ ಒಳವ್ಯಾಸದ, ಗಿಡ್ಡ ಕೊಳವೆಯೇ ಬೇಕು.

ಮಾದರಿಯ ದ್ರಾವಕ

ಗಾತ್ರಕ್ಕಿಂತಲೂ ಹೆಚ್ಚಾಗಿ ಹೊಸಬರನ್ನು ದಾರಿ ತಪ್ಪಿಸುವುದು ಮಾದರಿಯನ್ನು ಕರಗಿಸಿದ ದ್ರಾವಕ. ವಿಲೋಮ ಪ್ರಾವಸ್ಥೆಯ ಕಾಲಂಗಳಲ್ಲಿ ನೀರು ದುರ್ಬಲ ದ್ರಾವಕ. ಮೆಥನಾಲ್ ಮತ್ತು ಅಸಿಟೋನೈಟ್ರೈಲ್ ಪ್ರಬಲ ದ್ರಾವಕಗಳು. ಪ್ರಬಲ ದ್ರಾವಕವು ವಸ್ತುವನ್ನು ಕಾಲಂನ ಕಣಗಳಿಗೆ ಅಂಟಲು ಬಿಡದೆ ಮುಂದಕ್ಕೆ ಒಯ್ಯುತ್ತದೆ.

ಪುನರ್ಪುಳಿಯ ಸಿಪ್ಪೆಯಿಂದ ಆಮ್ಲವನ್ನು ಆಲ್ಕೊಹಾಲ್‌ನಿಂದಲೂ ತೆಗೆಯಬಹುದು. ಆ ಸಾರವನ್ನು ನೇರವಾಗಿ ಇಂಜೆಕ್ಟ್ ಮಾಡಿದರೆ, ಆಲ್ಕೊಹಾಲ್‌ನ ತುಂಡಿನೊಳಗೆ ಸಿಕ್ಕಿಕೊಂಡ ಆಮ್ಲವು ಕಾಲಂನಲ್ಲಿ ನಿಲ್ಲದೆ ಮುಂದೆ ಓಡುತ್ತದೆ. ತುಂಡಿನ ಅಂಚಿನಲ್ಲಿ ನೀರಿನೊಂದಿಗೆ ಬೆರೆತ ಭಾಗ ಮಾತ್ರ ಸರಿಯಾದ ವೇಗದಲ್ಲಿ ಸಾಗುತ್ತದೆ. ಹೀಗೆ ಒಂದೇ ವಸ್ತು ಮುಂದಕ್ಕೆ ಬಾಗಿದ ಶಿಖರವಾಗಿಯೋ ಎರಡು ತಲೆಯ ಶಿಖರವಾಗಿಯೋ ಕಾಣಿಸಿಕೊಳ್ಳುತ್ತದೆ. ಎರಡನೆಯ ತಲೆಯನ್ನು ಲ್ಯಾಕ್ಟೋನ್ ಎಂದು ಓದಿದರೆ ಇಲ್ಲದ ವಸ್ತುವೊಂದಕ್ಕೆ ಅಂಕಿ ಸಿಕ್ಕಂತಾಗುತ್ತದೆ. ಇದರೊಂದಿಗೆ, ಸಾವಯವ ಆಮ್ಲಗಳನ್ನು ಸಾಮಾನ್ಯವಾಗಿ 210 ನ್ಯಾನೊಮೀಟರ್ ಆಸುಪಾಸಿನ ಅತಿನೇರಳೆ ಬೆಳಕಿನಿಂದ ಗುರುತಿಸುವುದರಿಂದ, ಅಲ್ಲಿ ಸ್ವತಃ ಬೆಳಕನ್ನು ಹೀರುವ ಮೆಥನಾಲ್ ಆರಂಭದಲ್ಲಿ ತನ್ನದೇ ಏರಿಳಿತವನ್ನು ಮೂಡಿಸುತ್ತದೆ.

ಆದ್ದರಿಂದ ಮಾದರಿಯನ್ನು ಚಲ ಪ್ರಾವಸ್ಥೆಯಲ್ಲಿಯೇ ಅಥವಾ ಅದಕ್ಕಿಂತ ದುರ್ಬಲವಾದ ದ್ರಾವಕದಲ್ಲಿ ಕರಗಿಸಬೇಕೆಂಬುದು ಮೊದಲ ನಿಯಮ. ಪುನರ್ಪುಳಿಯಂತಹ ಮಾದರಿಗೆ ಆಮ್ಲೀಯಗೊಳಿಸಿದ ನೀರು ಸೂಕ್ತ. ನೀರಿನಲ್ಲಿ ಕರಗದ ಔಷಧಗಳಲ್ಲಿ ಈ ನಿಯಮವನ್ನು ಪಾಲಿಸಲಾಗದಿದ್ದಾಗ ಮೂರು ದಾರಿಗಳಿವೆ: ಪ್ರಬಲ ದ್ರಾವಕದಲ್ಲಿ ಕರಗಿಸಿ ನಂತರ ನೀರಿನಿಂದ ತೆಳುಗೊಳಿಸುವುದು, ಇಂಜೆಕ್ಷನ್ ಗಾತ್ರವನ್ನು ಕೆಲವೇ ಮೈಕ್ರೊಲೀಟರ್‌ಗಳಿಗೆ ಇಳಿಸುವುದು, ಇಲ್ಲವೇ ಆಟೋಸ್ಯಾಂಪ್ಲರ್ ಮಾದರಿಯ ಹಿಂದೆ ಮುಂದೆ ಸ್ವಲ್ಪ ನೀರನ್ನೂ ಹೀರುವಂತೆ ಸೂಚಿಸುವುದು.

ಇದೇ ತತ್ತ್ವವನ್ನು ಲಾಭಕ್ಕೂ ತಿರುಗಿಸಬಹುದು. ಮಾದರಿಯು ಚಲ ಪ್ರಾವಸ್ಥೆಗಿಂತ ದುರ್ಬಲವಾದ ದ್ರಾವಕದಲ್ಲಿದ್ದರೆ, ಚೆನ್ನಾಗಿ ಅಂಟಿಕೊಳ್ಳುವ ವಸ್ತುಗಳು ಕಾಲಂನ ಮುಖದಲ್ಲಿಯೇ ಕಿರಿದಾದ ಪಟ್ಟೆಯಾಗಿ ಸಂಗ್ರಹವಾಗುತ್ತವೆ. ಕುಡಿಯುವ ನೀರಿನಲ್ಲಿರುವ ಕೀಟನಾಶಕಗಳ ಲೇಶವನ್ನು ಅಳೆಯುವಾಗ 100 ಮೈಕ್ರೊಲೀಟರ್ ಅಥವಾ ಅದಕ್ಕಿಂತ ಹೆಚ್ಚು ಹಾಕಲು ಸಾಧ್ಯವಾಗುವುದು ಇದರಿಂದ. ದ್ರಾವಕದ ಬಲವನ್ನು ಕ್ರಮೇಣ ಹೆಚ್ಚಿಸುತ್ತ ಹೋಗುವ ಗ್ರೇಡಿಯೆಂಟ್ ವಿಧಾನಗಳಲ್ಲಿ ಇದು ಹೆಚ್ಚು ಉಪಯುಕ್ತ. ಆದರೆ ಕಾಲಂಗೆ ಅಂಟಿಕೊಳ್ಳದ ಧ್ರುವೀಯ ಆಮ್ಲಗಳಿಗೆ ಈ ಸೌಲಭ್ಯ ದೊರೆಯುವುದಿಲ್ಲ.

ಮಾದರಿಯ ಪಿಎಚ್ ಕೂಡ ಮುಖ್ಯ. ಸಿಟ್ರಿಕ್ ಆಮ್ಲದ ಮೊದಲ ಪಿಕೆಎ ಮೌಲ್ಯ ಸುಮಾರು 3.1. ಚಲ ಪ್ರಾವಸ್ಥೆಯ ಪಿಎಚ್ ಇದಕ್ಕಿಂತ ಸಾಕಷ್ಟು ಕೆಳಗಿದ್ದಾಗ ಆಮ್ಲವು ಬಹುಪಾಲು ಅಯಾನೀಕರಣಗೊಳ್ಳದೆ ಕಾಲಂನಲ್ಲಿ ಸ್ವಲ್ಪವಾದರೂ ನಿಲ್ಲುತ್ತದೆ. ಮಾದರಿಯು ಕ್ಯಾಲ್ಸಿಯಂ ಅಥವಾ ಪೊಟ್ಯಾಸಿಯಂ ಲವಣದ ರೂಪದಲ್ಲಿದ್ದು ಅದನ್ನು ಆಮ್ಲೀಯಗೊಳಿಸದೆ ಹಾಕಿದರೆ ಒಂದಷ್ಟು ಭಾಗ ಅಯಾನು ರೂಪದಲ್ಲಿ ಮುಂದೆ ಸಾಗಿ ಶಿಖರ ವಿಕಾರಗೊಳ್ಳುತ್ತದೆ.

ವಸ್ತುವಿನ ಅತಿಭಾರ

ಗಾತ್ರ ಸರಿಯಿದ್ದರೂ ಮಾದರಿಯು ತೀರ ಗಾಢವಾಗಿದ್ದರೆ ಕಾಲಂ ಅತಿಭಾರಕ್ಕೆ ಒಳಗಾಗುತ್ತದೆ. 10 ಶೇಕಡಾ ಆಮ್ಲವಿರುವ 1 ಗ್ರಾಂ ಸಿಪ್ಪೆಯ ಪುಡಿಯಿಂದ 100 ಮಿಲಿಲೀಟರ್ ದ್ರಾವಣ ಮಾಡಿದರೆ ಪ್ರತಿ ಮಿಲಿಲೀಟರಿನಲ್ಲಿ 1 ಮಿಲಿಗ್ರಾಂ ಆಮ್ಲವಿರುತ್ತದೆ; 20 ಮೈಕ್ರೊಲೀಟರ್ ಇಂಜೆಕ್ಷನ್‌ನಲ್ಲಿ ಕಾಲಂ ಸೇರುವುದು 20 ಮೈಕ್ರೊಗ್ರಾಂ. ಹತ್ತು ಪಟ್ಟು ತೆಳುಗೊಳಿಸಿದರೆ ಅದು 2 ಮೈಕ್ರೊಗ್ರಾಂ ಆಗುತ್ತದೆ.

ಅತಿಭಾರದ ಲಕ್ಷಣ ಸುಲಭವಾಗಿ ಗುರುತು ಹಿಡಿಯುವಂತಹುದು: ಶಿಖರವು ತ್ರಿಕೋನದ ಆಕಾರ ತಾಳಿ, ಅದರ ತುದಿ ಮುಂಚಿತವಾಗಿ ಕಾಣಿಸಿಕೊಳ್ಳುತ್ತದೆ. ಪರೀಕ್ಷೆಯೂ ಸುಲಭ. ಮಾದರಿಯನ್ನು ಅದೇ ದ್ರಾವಕದಿಂದ ಹತ್ತು ಪಟ್ಟು ತೆಳುಗೊಳಿಸಿ ಅದೇ ಗಾತ್ರದಲ್ಲಿ ಮತ್ತೆ ಇಂಜೆಕ್ಟ್ ಮಾಡಬೇಕು. ಆಕಾರ ಸರಿಹೋದರೆ ದೋಷ ಸಾರತೆಯದು. ಸರಿಹೋಗದೆ, ಗಾತ್ರವನ್ನು ಇಳಿಸಿದಾಗ ಮಾತ್ರ ಸರಿಹೋದರೆ ದೋಷ ಗಾತ್ರದ್ದು ಅಥವಾ ದ್ರಾವಕದ್ದು. ಎರಡರಿಂದಲೂ ಬದಲಾಗದಿದ್ದರೆ ಕಾಲಂನ ಸ್ಥಿತಿಯನ್ನೂ ಕೊಳವೆಯ ಜೋಡಣೆಯನ್ನೂ ಪರಿಶೀಲಿಸಬೇಕು.

ಕ್ಯಾರಿಓವರ್

ಒಂದು ಇಂಜೆಕ್ಷನ್‌ನ ಶೇಷವು ಮುಂದಿನ ಇಂಜೆಕ್ಷನ್‌ನಲ್ಲಿ ಕಾಣಿಸಿಕೊಳ್ಳುವುದನ್ನು ಕ್ಯಾರಿಓವರ್ ಎನ್ನಲಾಗುತ್ತದೆ. ಸೂಜಿಯ ಹೊರಮೈ, ಕವಾಟದ ಗೀರುಗಳು, ಸರಿಯಾಗಿ ಕೂರದ ಕೊಳವೆಯ ಜೋಡಣೆ ಇವು ಶೇಷ ಉಳಿಯುವ ಸ್ಥಳಗಳು. ಅತ್ಯಧಿಕ ಸಾರತೆಯ ಮಾದರಿಯ ನಂತರ ಬರಿಯ ದ್ರಾವಕವನ್ನು ಇಂಜೆಕ್ಟ್ ಮಾಡಿ, ಅದರಲ್ಲಿ ಕಾಣುವ ಶಿಖರವನ್ನು ಅಳೆಯುವುದೇ ಇದರ ಪರೀಕ್ಷೆ. ಪ್ರತಿಯೊಂದು ಬರಿಯ ಇಂಜೆಕ್ಷನ್‌ನೊಂದಿಗೂ ಶಿಖರ ಕುಗ್ಗುತ್ತ ಹೋದರೆ ಅದು ಶೇಷ. ಕುಗ್ಗದೆ ಒಂದೇ ಮಟ್ಟದಲ್ಲಿದ್ದರೆ ದ್ರಾವಕವೇ ಕಲುಷಿತವಾಗಿದೆ ಎಂದು ತಿಳಿಯಬೇಕು.

ರಕ್ತದಲ್ಲಿನ ಔಷಧವನ್ನು ಅಳೆಯುವ ವಿಧಾನಗಳಿಗೆ ಸಂಬಂಧಿಸಿದ ಐಸಿಎಚ್ ಎಂ10 ಮಾರ್ಗದರ್ಶಿಯ ಪ್ರಕಾರ ಈ ಶೇಷವು ವಿಧಾನದ ಕನಿಷ್ಠ ಅಳತೆಯ 20 ಶೇಕಡಾವನ್ನು ಮೀರಬಾರದು. ಶೇಷವನ್ನು ತಗ್ಗಿಸಲು ಸೂಜಿಯನ್ನು ಆ ವಸ್ತು ಚೆನ್ನಾಗಿ ಕರಗುವ ದ್ರಾವಕದಿಂದ ತೊಳೆಯಬೇಕು. ಸಾವಯವ ಆಮ್ಲಗಳಿಗೆ ನೀರು ಸಾಕು. ಎಣ್ಣೆಯ ಗುಣದ ಔಷಧಗಳಿಗೆ ಬರಿಯ ನೀರಿನಿಂದ ಏನೂ ಪ್ರಯೋಜನವಿಲ್ಲ.

ಪುನರ್ಪುಳಿಯಲ್ಲಿ ಇನ್ನೊಂದು ಬಗೆಯ ಶೇಷವೂ ಉಂಟು. ಹಣ್ಣಿನ ಕೆಂಪು ಬಣ್ಣಕ್ಕೆ ಕಾರಣವಾದ ಆಂಥೊಸಯಾನಿನ್‌ಗಳು ನೀರಿನ ಚಲ ಪ್ರಾವಸ್ಥೆಯಲ್ಲಿ ಕಾಲಂಗೆ ಬಲವಾಗಿ ಅಂಟಿಕೊಂಡು ಹಲವು ಇಂಜೆಕ್ಷನ್‌ಗಳವರೆಗೆ ಸಂಗ್ರಹವಾಗುತ್ತ, ನಂತರ ಅನಿರೀಕ್ಷಿತವಾಗಿ ಹೊರಬರಬಹುದು. ಇದಕ್ಕೆ ಸೂಜಿಯನ್ನು ತೊಳೆಯುವುದು ಪರಿಹಾರವಲ್ಲ. ನಿಗದಿತ ಸಂಖ್ಯೆಯ ಇಂಜೆಕ್ಷನ್‌ಗಳ ನಂತರ ಕಾಲಂ ಅನ್ನು ಪ್ರಬಲ ದ್ರಾವಕದಿಂದ ತೊಳೆಯಬೇಕು, ಅಥವಾ ಮಾದರಿಯ ಸಿದ್ಧತೆಯಲ್ಲಿಯೇ ಬಣ್ಣವನ್ನು ತೆಗೆಯಬೇಕು.

ಮಾದರಿಯ ಸಿದ್ಧತೆ ಮತ್ತು ಬಾಟಲಿ

ಇಂಜೆಕ್ಷನ್‌ನ ಹಲವು ದೋಷಗಳು ಬಾಟಲಿಯಲ್ಲಿಯೇ ಹುಟ್ಟುತ್ತವೆ. ತೇಲುವ ಕಣಗಳು ಸೂಜಿಯನ್ನೂ ಕಾಲಂನ ಮುಖವನ್ನೂ ಮುಚ್ಚುವುದರಿಂದ ಮಾದರಿಯನ್ನು 0.45 ಮೈಕ್ರೊಮೀಟರ್ ಫಿಲ್ಟರ್‌ನಲ್ಲಿ ಸೋಸಲಾಗುತ್ತದೆ. ಅತಿ ಸಣ್ಣ ಕಣಗಳ ಕಾಲಂಗೆ 0.2 ಮೈಕ್ರೊಮೀಟರ್ ಫಿಲ್ಟರ್ ಬೇಕು. ಫಿಲ್ಟರ್ ಸ್ವತಃ ವಸ್ತುವನ್ನು ಹೀರಿಕೊಳ್ಳಬಹುದಾದ್ದರಿಂದ ಸೋಸಿದ ದ್ರವದ ಮೊದಲ ಭಾಗವನ್ನು ಚೆಲ್ಲಿ ಉಳಿದದ್ದನ್ನು ಬಳಸಬೇಕು.

ಬಾಟಲಿಯನ್ನು ಬಾಯಿಯವರೆಗೆ ತುಂಬಿ ಬಿಗಿಯಾಗಿ ಮುಚ್ಚಿದರೆ, ಸೂಜಿ ಹೀರುವಾಗ ಒಳಗೆ ನಿರ್ವಾತ ಉಂಟಾಗಿ ಕಡಿಮೆ ಪ್ರಮಾಣ ಬರುತ್ತದೆ. ಸಕ್ಕರೆ ಪಾಕ ಸೇರಿದ ಪುನರ್ಪುಳಿ ಶರಬತ್ತಿನಂತಹ ಮಂದ ದ್ರವವನ್ನು ವೇಗವಾಗಿ ಹೀರಿದರೂ ಇದೇ ಫಲ. ಇಂತಹ ಮಾದರಿಯನ್ನು ನೀರಿನಿಂದ ತೆಳುಗೊಳಿಸಿ, ಹೀರುವ ವೇಗವನ್ನು ತಗ್ಗಿಸಬೇಕು.

ಕಾಲವೂ ಒಂದು ಅಂಶ. ಹೈಡ್ರಾಕ್ಸಿಸಿಟ್ರಿಕ್ ಆಮ್ಲವು ಕಾಯಿಸಿದಾಗ ಮತ್ತು ಬತ್ತಿಸಿದಾಗ ಲ್ಯಾಕ್ಟೋನ್ ಆಗಿ ಮಾರ್ಪಡುತ್ತದೆ. ಮೊದಲ ಬಾಟಲಿಗೂ ರಾತ್ರಿಯಿಡೀ ಕಾದ ಕೊನೆಯ ಬಾಟಲಿಗೂ ನಡುವೆ ವ್ಯತ್ಯಾಸ ಉಂಟಾಗದಂತೆ ಆಟೋಸ್ಯಾಂಪ್ಲರ್ ಅನ್ನು ತಂಪಾಗಿಡುವುದು, ಹಾಗೂ ಸರಣಿಯ ಕೊನೆಯಲ್ಲಿ ಮೊದಲ ಮಾದರಿಯನ್ನೇ ಮತ್ತೊಮ್ಮೆ ಇಂಜೆಕ್ಟ್ ಮಾಡಿ ನೋಡುವುದು ಒಳ್ಳೆಯ ಕ್ರಮ.

ಅನುಕೂಲೀಕರಣದ ಹಂತಗಳು

ವಿಧಾನವನ್ನು ರೂಪಿಸುವಾಗ ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸುವುದು ರೂಢಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂಬುದು ತಿಳಿಯುವುದಿಲ್ಲ. ಸಾಮಾನ್ಯ ಕ್ರಮ ಹೀಗಿದೆ:

1. ಮೊದಲು ಮಾದರಿಯ ದ್ರಾವಕವನ್ನು ನಿಶ್ಚಯಿಸುವುದು. ಅದೇ ಸಾರತೆಯ ದ್ರಾವಣಗಳನ್ನು ಚಲ ಪ್ರಾವಸ್ಥೆಯಲ್ಲಿಯೂ ಉದ್ದೇಶಿತ ದ್ರಾವಕದಲ್ಲಿಯೂ ಮಾಡಿ ಶಿಖರಗಳ ಆಕಾರವನ್ನು ಹೋಲಿಸಬೇಕು.

2. ಕಾಲಂನ ದ್ರವಾವಕಾಶದ 1 ಶೇಕಡಾಕ್ಕಿಂತ ಕಡಿಮೆ ಗಾತ್ರದಿಂದ ಆರಂಭಿಸಿ 5, 10, 15, 20 ಮೈಕ್ರೊಲೀಟರ್ ಎಂದು ಏರಿಸುತ್ತ ಹೋಗುವುದು. ಶಿಖರದ ವಿಸ್ತೀರ್ಣವು ಗಾತ್ರಕ್ಕೆ ಅನುಗುಣವಾಗಿ ಸರಳರೇಖೆಯಲ್ಲಿ ಏರಬೇಕು. ವಿಸ್ತೀರ್ಣ ಏರುತ್ತಿದ್ದರೂ ಎತ್ತರ ಅಷ್ಟೇ ಏರದಿದ್ದರೆ ಶಿಖರ ಅಗಲವಾಗತೊಡಗಿದೆ ಎಂದರ್ಥ.

3. ಅತಿ ಹತ್ತಿರದ ಎರಡು ಶಿಖರಗಳ ಬೇರ್ಪಡಿಕೆ ಕುಗ್ಗತೊಡಗುವ ಗಾತ್ರವನ್ನು ಗುರುತಿಸಿ, ಅದಕ್ಕಿಂತ ಕೆಳಗೆ ನಿಲ್ಲುವುದು.

4. ಆ ಗಾತ್ರದಲ್ಲಿ ಕನಿಷ್ಠ ಸಾರತೆಯ ಮಾದರಿಯೂ ಸ್ಪಷ್ಟವಾಗಿ ಕಾಣುತ್ತದೆಯೇ ಎಂದು ನೋಡುವುದು. ಪ್ರಮಾಣವನ್ನು ಅಳೆಯಲು ಶಿಖರದ ಎತ್ತರವು ಹಿನ್ನೆಲೆಯ ಅಲುಗಾಟದ ಸುಮಾರು 10 ಪಟ್ಟು, ಇರುವಿಕೆಯನ್ನು ಹೇಳಲು ಸುಮಾರು 3 ಪಟ್ಟು ಇರಬೇಕೆಂಬುದು ಒಪ್ಪಿತ ಮಾನದಂಡ.

5. ಕ್ಯಾರಿಓವರ್ ಪರೀಕ್ಷೆ ನಡೆಸಿ ಸೂಜಿ ತೊಳೆಯುವ ದ್ರಾವಕವನ್ನು ನಿಶ್ಚಯಿಸುವುದು.

6. ಒಂದೇ ಪ್ರಮಾಣಿತ ದ್ರಾವಣವನ್ನು ಹಲವು ಬಾರಿ ಇಂಜೆಕ್ಟ್ ಮಾಡಿ ಫಲಿತಾಂಶಗಳ ಸಾಪೇಕ್ಷ ಮಾನಕ ವಿಚಲನೆಯನ್ನು ಲೆಕ್ಕಹಾಕುವುದು. ಅಮೆರಿಕದ ಔಷಧಕೋಶವಾದ ಯುಎಸ್‌ಪಿ, ಮಿತಿಯು 2 ಶೇಕಡಾ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಐದು ಇಂಜೆಕ್ಷನ್‌ಗಳನ್ನೂ ಹೆಚ್ಚಿದ್ದರೆ ಆರು ಇಂಜೆಕ್ಷನ್‌ಗಳನ್ನೂ ಕೇಳುತ್ತದೆ.

ನಾಲ್ಕನೆಯ ಹಂತದಲ್ಲಿ ಶಿಖರ ಚಿಕ್ಕದಾಗಿ ಕಂಡರೆ ಗಾತ್ರವನ್ನು ಏರಿಸುವುದು ಸುಲಭದ ದಾರಿಯೆನಿಸುತ್ತದೆ. ಆದರೆ ಮಾದರಿಯನ್ನು ಹೆಚ್ಚು ಗಾಢವಾಗಿ ಸಿದ್ಧಪಡಿಸುವುದು ಅಥವಾ ಡಿಟೆಕ್ಟರ್‌ನ ತರಂಗಾಂತರವನ್ನು ಮರುಪರಿಶೀಲಿಸುವುದು ಅನೇಕ ವೇಳೆ ಉತ್ತಮ ಪರಿಹಾರವಾಗಿರುತ್ತದೆ. ಆರನೆಯ ಹಂತದಲ್ಲಿ ಅಂಕಿಗಳು ಚದುರಿದರೆ ಸೂಜಿಯಲ್ಲಿನ ಗಾಳಿಗುಳ್ಳೆ, ಸವೆದ ಸಿರಿಂಜು ಮತ್ತು ಸೋರುವ ಕವಾಟಗಳನ್ನು ಮೊದಲು ನೋಡಬೇಕು. ಮಾದರಿಗೂ ಪ್ರಮಾಣಿತ ದ್ರಾವಣಕ್ಕೂ ಗೊತ್ತಿರುವ ಪ್ರಮಾಣದ ಬೇರೊಂದು ವಸ್ತುವನ್ನು ಸೇರಿಸಿ, ಎರಡು ಶಿಖರಗಳ ಅನುಪಾತವನ್ನು ಅಳೆಯುವ ಆಂತರಿಕ ಪ್ರಮಾಣಿತದ ಕ್ರಮವು ಗಾತ್ರದ ಸಣ್ಣ ಏರುಪೇರನ್ನು ಸರಿದೂಗಿಸುತ್ತದೆ. ಆದರೆ ವಿಕಾರಗೊಂಡ ಶಿಖರವನ್ನು ನೇರ್ಪಡಿಸುವುದಿಲ್ಲ.

ದಾಖಲೆ

ಒಂದು ಪ್ರಯೋಗಾಲಯದಲ್ಲಿ ಸಿದ್ಧವಾದ ವಿಧಾನವು ಇನ್ನೊಂದರಲ್ಲಿ ಕೆಲಸ ಮಾಡದಿರಲು ಇಂಜೆಕ್ಷನ್‌ನ ವಿವರಗಳು ಬಿಟ್ಟುಹೋಗಿರುವುದು ಸಾಮಾನ್ಯ ಕಾರಣಗಳಲ್ಲೊಂದು. 20 ಮೈಕ್ರೊಲೀಟರ್ ಎಂದಷ್ಟೇ ಬರೆದರೆ ಸಾಲದು. ಮಾದರಿಯ ದ್ರಾವಕದ ಸಂಯೋಜನೆ, ಪೂರ್ಣ ಅಥವಾ ಭಾಗಶಃ ಲೂಪ್, ಸೂಜಿ ತೊಳೆಯುವ ದ್ರಾವಕ, ಆಟೋಸ್ಯಾಂಪ್ಲರ್‌ನ ಉಷ್ಣತೆ, ಹೀರುವ ವೇಗ, ಫಿಲ್ಟರ್‌ನ ಬಗೆ ಹಾಗೂ ಮಾದರಿಯನ್ನು ಎಷ್ಟು ಗಂಟೆಯೊಳಗೆ ವಿಶ್ಲೇಷಿಸಬೇಕೆಂಬ ಮಿತಿ ಇವೆಲ್ಲವೂ ವಿಧಾನದ ಭಾಗಗಳು. ಪುನರ್ಪುಳಿಯ ಸಾರದ ಚೀಲವೊಂದನ್ನು ಮಾರುವವನೂ ಕೊಳ್ಳುವವನೂ ಬೇರೆ ಬೇರೆ ಊರುಗಳಲ್ಲಿ ಪರೀಕ್ಷೆ ಮಾಡಿಸಿದಾಗ ಇಬ್ಬರ ಅಂಕಿಗಳೂ ಒಂದಾಗಬೇಕಾದರೆ ಈ ವಿವರಗಳೂ ಎರಡು ಕಡೆ ಒಂದೇ ಆಗಿರಬೇಕು.